ಹೊಳಿ ಯಾರದು? ವಾಂಗನುಯಿ ಜನರ ದಾವೆ

ಹೊಳಿ ಯಾರದು ಅಂತ ಕೇಳಿದ್ರ ನಮ್ಮೂರಾಗ ಯಾರಾದ್ರೂ ಥಟ್ಟನೆ ಹೇಳತಾರ, ಸರಕಾರದ್ದು ಅಂತ. ನ್ಯೂಜಿಲೆಂಡ್ ದೇಶದ ವಾಂಗನುಯಿ ಎಂಬ ನದಿಯ ದಂಡೆಯ ಮಾವೋರಿ ಜನ ಈ ಉತ್ತರವನ್ನು 140 ವರ್ಷಕ್ಕೂ ಹೆಚ್ಚು ಕಾಲ ಒಪ್ಪಲಿಲ್ಲ.

ಸುಮಾರು 290 ಕಿಲೋಮೀಟರ್ ಉದ್ದದ ಈ ನದಿ ಟೊಂಗರಿರೊ ಬೆಟ್ಟದಲ್ಲಿ ಹುಟ್ಟಿ ಸಮುದ್ರ ಸೇರುತ್ತದೆ. ಮಾವೋರಿಗಳು ನದಿಯೊಳಗೆ ಗೂಟ ಬಡಿದು ಒಡ್ಡು ಕಟ್ಟಿ ಹಾವುಮೀನು ಹಿಡಿಯುತ್ತಿದ್ದರು. ಅದೇ ಅವರ ಊಟ. 1840ರಲ್ಲಿ ಬ್ರಿಟಿಷರ ಜೋಡಿ ವೈತಾಂಗಿ ಒಪ್ಪಂದ ಆಯ್ತು. ಅವರ ಜಮೀನು, ಮೀನುಗಾರಿಕೆ ಅವರ ಕೈಯಾಗೇ ಇರತಾವ ಅಂತ ಅದರಲ್ಲಿ ಮಾತು ಕೊಟ್ಟಿದ್ದರು. ಆದರೆ 1890ರ ದಶಕದಲ್ಲಿ ಪ್ರವಾಸಿಗರ ಹಡಗು ಓಡಾಡಲಿ ಅಂತ ಆ ಒಡ್ಡುಗಳನ್ನೇ ಕಿತ್ತು ಹಾಕಿದರು. ನದಿಯ ಜಲ್ಲಿಯನ್ನೂ ತೋಡಿ ಒಯ್ದರು.

1873ರಿಂದಲೇ ಇವರು ಪಾರ್ಲಿಮೆಂಟಿಗೆ ಅರ್ಜಿ ಹಾಕತಾ ಬಂದಿದ್ದರು. ಅದಕ್ಕ ಸಿಕ್ಕ ಉತ್ತರ ನೋಡ್ರಿ: 1903ರಲ್ಲಿ ಕಲ್ಲಿದ್ದಲು ಗಣಿಯ ಕಾನೂನಿಗೆ ಒಂದು ತಿದ್ದುಪಡಿ ತಂದು, ಹಡಗು ಸಾಗುವ ನದಿಗಳ ತಳವೆಲ್ಲ ಮೊದಲಿನಿಂದಲೂ ಸರಕಾರದ್ದೇ ಎಂದು ಬರೆದುಬಿಟ್ಟರು. ನದಿ ಇವರದು, ಕಾನೂನು ಕಲ್ಲಿದ್ದಲಿನದು! 1938ರಲ್ಲಿ ಇವರು ಕೋರ್ಟಿಗೆ ಹೋದರು. ಮೊದಲು ಗೆದ್ದರು, ಸರಕಾರ ಮೇಲ್ಮನವಿ ಹಾಕಿತು. ಹಂಗ ಎಳೆದೂ ಎಳೆದು 1962ರಲ್ಲಿ ಪೂರ್ತಿ ಸೋತರು. ದಂಡೆಯ ಹೊಲಗಳನ್ನು ಹೆಸರಿಗೆ ಮಾಡಿದಾಗಲೇ ನದಿಯ ತಳವೂ ಹೊಲದ ಜೋಡಿ ನಡುಗೆರೆಯವರೆಗೆ ಹಂಚಿಹೋಯಿತು, ಕುಲಕ್ಕೆ ಬೇರೆ ಹಕ್ಕಿಲ್ಲ ಎಂದಿತು ಕೋರ್ಟು. ನದಿ ಎಂದರೆ ತಳ ಬೇರೆ, ನೀರು ಬೇರೆ, ದಂಡೆ ಬೇರೆ ಅನ್ನೋದು ಆ ಜನಕ್ಕೆ ಅರ್ಥವಾಗದ ಮಾತು. 1970ರ ದಶಕದಲ್ಲಿ ಮೇಲ್ಭಾಗದ ನೀರನ್ನೂ ವಿದ್ಯುತ್ತಿಗಾಗಿ ಬೇರೆ ಕಡೆ ತಿರುಗಿಸಿದರು.

1999ರಲ್ಲಿ ವೈತಾಂಗಿ ನ್ಯಾಯಮಂಡಳಿ ಇವರ ಮಾತು ಒಪ್ಪಿತು. 2014ರಲ್ಲಿ ಸರಕಾರದೊಂದಿಗೆ ಕರಾರಾಗಿ, 2017ರ ಮಾರ್ಚ್ 20ರಂದು ಕಾನೂನಿಗೆ ಅಂಕಿತ ಬಿತ್ತು. ಬೆಟ್ಟದಿಂದ ಸಮುದ್ರದವರೆಗೆ ನದಿ ಒಂದೇ ಜೀವ, ಕಾನೂನಿನ ಕಣ್ಣಲ್ಲಿ ಅದೊಬ್ಬ ವ್ಯಕ್ತಿ. ಅದರ ಪರ ಮಾತಾಡಲು ಇಬ್ಬರು: ಒಬ್ಬರನ್ನು ಅಲ್ಲಿಯ ಕುಲಗಳು ಸೂಚಿಸುತ್ತವೆ, ಇನ್ನೊಬ್ಬರನ್ನು ಸರಕಾರ. 8 ಕೋಟಿ ಡಾಲರ್ ಪರಿಹಾರವೂ ಸಿಕ್ಕಿತು. ನೀರಿನ ಮಾಲಕಿ ಮಾತ್ರ ಕಾನೂನು ಯಾರಿಗೂ ಕೊಡಲಿಲ್ಲ.

ಮಾರ್ಚ್ 20 ಅಂದ್ರ ನಮಗ ಮಹಾಡ ನೆನಪಾಗತದ. 1927ರಲ್ಲಿ ಅದೇ ದಿನ ಬಾಬಾಸಾಹೇಬರು ಚವದಾರ ಕೆರೆಯ ನೀರು ಕುಡಿದರು. ಅಲ್ಲಿಯೂ ಕೆರೆ ನಮ್ಮ ಖಾಸಗಿ ಆಸ್ತಿ ಅಂತ ಸವರ್ಣೀಯರು ದಾವೆ ಹೂಡಿದರು. 1937ರಲ್ಲಿ ಮುಂಬೈ ಹೈಕೋರ್ಟ್ ಅದನ್ನು ಒಪ್ಪಲಿಲ್ಲ.

2017ರ ಅದೇ ಮಾರ್ಚ್ 20ಕ್ಕೆ ನಮ್ಮ ಉತ್ತರಾಖಂಡ ಹೈಕೋರ್ಟ್ ಕೂಡ ಗಂಗಾ, ಯಮುನಾ ನದಿಗಳು ವ್ಯಕ್ತಿಗಳೆಂದು ತೀರ್ಪು ಕೊಟ್ಟಿತು. ಪ್ರವಾಹ ಬಂದು ಜನ ಸತ್ತರೆ ಪರಿಹಾರದ ದಾವೆ ಯಾರ ಮೇಲೆ ಹೂಡಬೇಕು ಎಂದು ರಾಜ್ಯ ಸರಕಾರವೇ ಸುಪ್ರೀಂ ಕೋರ್ಟಿಗೆ ಹೋಯಿತು. ಜುಲೈ 7ರಂದು ತಡೆ ಸಿಕ್ಕಿತು. ಆ ತೀರ್ಪಿನಲ್ಲಿ ನದಿಗಳ ಪಾಲಕರೆಂದು ಹೆಸರಿಸಿದ್ದು ಮೂವರನ್ನು: ನಮಾಮಿ ಗಂಗೆ ಯೋಜನೆಯ ನಿರ್ದೇಶಕರು, ರಾಜ್ಯದ ಮುಖ್ಯ ಕಾರ್ಯದರ್ಶಿ, ಅಡ್ವೊಕೇಟ್ ಜನರಲ್. ದಂಡೆಯ ಅಂಬಿಗರು, ಮೀನುಗಾರರು ಒಬ್ಬರೂ ಅದರಾಗ ಇರಲಿಲ್ಲ.