ಅವ್ವನ ಪಾವು, ಸೊಸೆಯ ಎಂ.ಎಲ್.

ಪಿರಿಯಾಪಟ್ಟಣದ ಕಡೆ ನಮ್ಮ ತವರಲ್ಲಿ ಹಾಲು ಕರೆಯೋದೂ ಅವ್ವ, ಅಳೆಯೋದೂ ಅವ್ವ. ವರ್ತನೆ ಮನೆಗಳಿಗೆ ಪಾವಲ್ಲಿ ಅಳೆದು ಹಾಕಿ, ಮೇಲೆ ಒಂದು ಚೂರು ಕೊಸರು ಬಿಡ್ತಿತ್ತು. ನಾಕು ಚಟಾಕಿಗೆ ಒಂದು ಪಾವು, ಎರಡು ಪಾವಿಗೆ ಅಚ್ಚೇರು, ನಾಕು ಪಾವಿಗೆ ಸೇರು. ಸ್ಕೂಲಿಗೆ ಸೇರೋಕೆ ಮುಂಚೆನೇ ಈ ಲೆಕ್ಕ ನಂಗೆ ಬಾಯಿಪಾಠ.

ಅಷ್ಟೊತ್ತಿಗೆ ಕಾನೂನಲ್ಲಿ ಪಾವು, ಸೇರು ಯಾವಾಗ್ಲೋ ಹೋಗಿದ್ವು. 1956ರಲ್ಲೇ ತೂಕ ಅಳತೆ ಕಾಯ್ದೆ ಬಂತು, 1957ರ ಏಪ್ರಿಲ್‌ಗೆ ನಯಾಪೈಸೆ, 1958ರ ಅಕ್ಟೋಬರಿಂದ ಕಿಲೋ ಶುರು. 1962ರ ಏಪ್ರಿಲ್ ಹೊತ್ತಿಗೆ ದೇಶಕ್ಕೆಲ್ಲ ಕಿಲೋ, ಲೀಟರೇ ಕಡ್ಡಾಯ. ದುಡ್ಡೂ ಬದ್ಲು, ಅಳತೆನೂ ಬದ್ಲು. ಪಾಪ, ಆಗಿನ ಹೆಂಗಸರು ಹೆಂಗೆ ಲೆಕ್ಕ ಹಾಕಿದ್ರೋ! ಆದ್ರೂ ಒಂದೊಂದು ಊರಿಗೆ ಒಂದೊಂದು ಸೇರು ಇದ್ದ ಕಾಲಕ್ಕಿಂತ ಇದೇ ವಾಸಿ ಅಂತೀನಿ ನಾನು.

ಲೀಟರಿಗೂ ಒಂದು ಕಥೆ ಐತೆ. 1901ರಲ್ಲಿ, ಒಂದು ಕಿಲೋ ನೀರು ಹಿಡಿಯೋ ಜಾಗವೇ ಒಂದು ಲೀಟರ್ ಅಂತ ಗೊತ್ತು ಮಾಡಿದ್ರು. ಆಮೇಲೆ ನೋಡಿದ್ರೆ ಹತ್ತು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಡಬ್ಬಿಗಿಂತ ಅದು ಒಂಚೂರು ಜಾಸ್ತಿ. ಎಷ್ಟು ಜಾಸ್ತಿ? ಅರ್ಧ ಹನಿ ಆದ್ರೆ ಹೆಚ್ಚು. ಅಷ್ಟಕ್ಕೇ 1964ರಲ್ಲಿ ಲೀಟರನ್ನ ತಿದ್ದಿ, ಆ ಡಬ್ಬಿಯಷ್ಟೇ ಅಂದ್ರು.

ಅರ್ಧ ಹನಿಗೆ ಅವರು ಅಷ್ಟು ತಲೆ ಕೆಡಿಸ್ಕೊಂಡ್ರೆ, ನಾನು ಐವತ್ತು ಎಂ.ಎಲ್. ಕಾಣ್ದೆ ಸೊಸೆನ ಬೈದೆ. ಹೋದ ವರ್ಷ ಏಪ್ರಿಲಲ್ಲಿ ಕಾಫಿಗೆ ಹಾಲು ಸಾಲ್ದೆ ಬಂತು. ಮೊಸರಿಗೆ ಎತ್ತಿಟ್ಯಾ, ಚೆಲ್ಲಿದ್ಯಾ ಅಂತ ಕೇಳಿದೆ. ಅವಳು ಮಾತಾಡ್ದೆ ಪ್ಯಾಕೆಟ್ ತಂದು, "ಅತ್ತೆ, ಓದಿ" ಅಂದ್ಲು. 500 ಎಂ.ಎಲ್.! 2024ರ ಜೂನಲ್ಲಿ ನಂದಿನಿ ಅರ್ಧ ಲೀಟರ್ 550 ಆಗಿ, ನೀಲಿ ಪ್ಯಾಕೆಟ್ 22 ರೂಪಾಯಿಂದ 24ಕ್ಕೆ ಏರಿತ್ತು. 2025ರ ಏಪ್ರಿಲಲ್ಲಿ ವಾಪಸ್ 500, ಬೆಲೆ ಮಾತ್ರ 24ರಲ್ಲೇ ನಿಂತಿತ್ತು. ಬೆಲೆ ಏರಿಲ್ವಲ್ಲ ಅಂತ ನಾನು ಪ್ಯಾಕೆಟ್ ತಿರುಗಿಸಿ ನೋಡೇ ಇರ್ಲಿಲ್ಲ. ದಿನಕ್ಕೆ ಐವತ್ತಾದ್ರೆ ತಿಂಗಳಿಗೆ ಒಂದೂವರೆ ಲೀಟರ್. ಮೊದ್ಲು ಲೀಟರಿಗೆ 43 ರೂಪಾಯಿ 64 ಪೈಸೆ ಬೀಳ್ತಿದ್ದಿದ್ದು ಈಗ 48. ಏರಿಸಿದ್ದು ಹಾಲು ಹಾಕೋರಿಗೆ ಅಂದ್ರು. ನನ್ನ ತಮ್ಮನೂ ಡೇರಿಗೆ ಹಾಕೋನೇ, ಅವನ ಮುಂದೆ ನಾನು ಬಾಯಿ ಬಿಡಂಗಿಲ್ಲ.

ಅವನದು ಇನ್ನೊಂದು ಲೆಕ್ಕ. ಹಾಲು ನೀರಿಗಿಂತ ತೂಕ, ಲೀಟರಿಗೆ ಸುಮಾರು ಒಂದು ಕಿಲೋ ಮೂವತ್ತು ಗ್ರಾಂ ಬರುತ್ತೆ. ತಕ್ಕಡಿಲಿ ಹತ್ತು ಕಿಲೋ ತೋರಿಸಿದ್ರೆ ಅದು ಹತ್ತು ಲೀಟರಲ್ಲ, ಹತ್ತತ್ರ ಒಂಬತ್ತು ಮುಕ್ಕಾಲು. ಚೀಟೀಲಿ ಕಿಲೋ ಬರ್ದವ್ರಾ, ಲೀಟರ್ ಬರ್ದವ್ರಾ ನೋಡ್ಕಳಿ, ನಿಮ್ಮನೇಲೂ ಹಸು ಇದ್ರೆ.

ಸೊಸೆಗೆ ತಪ್ಪಾಯ್ತು ಕಣವ್ವ ಅಂದೆ. ನಕ್ಕಳು. ಅವ್ವನ ಪಾವು ಈಗ ನನ್ನ ಅಕ್ಕಿ ಡಬ್ಬಿಲಿದೆ, ಮೂರು ಜನಕ್ಕೆ ಎರಡು ಪಾವು ಹಾಕ್ತೀನಿ.