ಅಸ್ತಿತ್ವವಾದ: ಒಲ್ಲದವರಿಗೆ ಅಂಟಿದ ಹೆಸರು

ಅಸ್ತಿತ್ವವಾದಿಗಳೆಂದು ಕರೆಸಿಕೊಂಡವರಲ್ಲಿ ಹೆಚ್ಚಿನವರು ಆ ಹೆಸರನ್ನು ಒಲ್ಲೆ ಎಂದವರೇ. 1940ರ ದಶಕದಲ್ಲಿ ಫ್ರೆಂಚ್ ಚಿಂತಕ ಗೇಬ್ರಿಯಲ್ ಮಾರ್ಸೆಲ್ ಅದನ್ನು ತಮ್ಮ ದೇಶದವರೇ ಆದ ತತ್ತ್ವಜ್ಞಾನಿ ಸಾರ್ತ್ರ್ ಅವರಿಗೆ ಹಚ್ಚಿದಾಗ ಸಾರ್ತ್ರ್ ಮೊದಲು ತಳ್ಳಿಹಾಕಿದರು. ಫ್ರೆಂಚ್ ಲೇಖಕ ಕಮೂ, ಜರ್ಮನ್ ತತ್ತ್ವಜ್ಞಾನಿ ಹೈಡೆಗರ್ ಕೊನೆಗೂ ಒಪ್ಪಲಿಲ್ಲ. ಮೂಲಪುರುಷರೆನಿಸಿದ ಡೆನ್ಮಾರ್ಕಿನ ಚಿಂತಕ ಕೀರ್ಕೆಗಾರ್ಡ್ ತೀರಿಕೊಂಡದ್ದು 1855ರಲ್ಲಿ, ಈ ಹೆಸರು ಚಾಲ್ತಿಗೆ ಬರುವ ಎಷ್ಟೋ ಮೊದಲು.

ಎರಡನೇ ಮಹಾಯುದ್ಧ ಮುಗಿದ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಈ ಪದ ಬಾಯಿಂದ ಬಾಯಿಗೆ ಹರಿದಾಡುತ್ತಿತ್ತು, ಹೆಚ್ಚಾಗಿ ಬೈಗುಳವಾಗಿ. 1945ರ ಅಕ್ಟೋಬರ್ 29ರ ಉಪನ್ಯಾಸದಲ್ಲಿ ಸಾರ್ತ್ರ್ ಅದನ್ನು ತಮ್ಮದೆಂದು ಒಪ್ಪಿಕೊಂಡು ಅರ್ಥ ಬಿಡಿಸಿದರು. ಕಾಗದ ಕತ್ತರಿಸುವ ಚಾಕು ಯಾತಕ್ಕೆಂದು ಅದನ್ನು ಮಾಡುವವನಿಗೆ ಮೊದಲೇ ಗೊತ್ತು. ಮನುಷ್ಯನಿಗೆ ಹಾಗೆ ಮುಂಚೆಯೇ ಗೊತ್ತುಮಾಡಿದ ಉದ್ದೇಶವಿಲ್ಲ. ಅವನು ಮೊದಲು ಇರುತ್ತಾನೆ. ಏನಾಗಿದ್ದಾನೆಂಬುದು ಅವನು ಮಾಡಿದ್ದರಿಂದ ಆಮೇಲೆ ತಿಳಿಯುತ್ತದೆ.

ನೀತಿಯ ಪ್ರಶ್ನೆ ಏಳುವುದು ಇಲ್ಲೇ. ಅದೇ ಉಪನ್ಯಾಸದಲ್ಲಿ ಒಬ್ಬ ವಿದ್ಯಾರ್ಥಿಯ ಕಥೆ ಬರುತ್ತದೆ. ಅವನ ಅಣ್ಣ 1940ರ ಜರ್ಮನ್ ದಾಳಿಯಲ್ಲಿ ಸತ್ತಿದ್ದ. ತಾಯಿಗೆ ಇವನೊಬ್ಬನೇ ಆಸರೆ. ಇಂಗ್ಲೆಂಡಿಗೆ ಹೋಗಿ ಸ್ವತಂತ್ರ ಫ್ರೆಂಚ್ ಪಡೆ ಸೇರಬೇಕೇ, ತಾಯಿಯ ಬಳಿ ಉಳಿಯಬೇಕೇ? ನೆರೆಯವನನ್ನು ಪ್ರೀತಿಸು ಎನ್ನುತ್ತದೆ ಧರ್ಮ. ಇಲ್ಲಿ ನೆರೆಯವರು ತಾಯಿಯೋ, ಹೋರಾಡುವವರೋ? ಯಾರನ್ನೂ ಬರೀ ಸಾಧನವಾಗಿಸಬೇಡ ಎನ್ನುತ್ತಾರೆ ಜರ್ಮನ್ ತತ್ತ್ವಜ್ಞಾನಿ ಕಾಂಟ್. ಯಾವ ದಾರಿ ಹಿಡಿದರೂ ಇನ್ನೊಂದು ಕಡೆಯವರು ಸಾಧನವಾಗುತ್ತಾರೆ. ನೀನು ಸ್ವತಂತ್ರ, ಆಯ್ದುಕೋ ಎಂದಷ್ಟೇ ಸಾರ್ತ್ರ್ ಹೇಳಿದರು. ಸಲಹೆ ಕೇಳಲು ಪಾದ್ರಿಯ ಬಳಿ ಹೋಗುವುದೋ, ಮೇಷ್ಟರ ಬಳಿಯೋ ಎಂಬುದೂ ಆಯ್ಕೆಯೇ. ಎಂಥ ಉತ್ತರ ಸಿಕ್ಕೀತೆಂಬ ಅಂದಾಜು ಕೇಳುವವನಿಗೆ ಆಗಲೇ ಇರುತ್ತದೆ.

ಹಾಗಾದರೆ ಮನಃಪೂರ್ವಕವಾಗಿ ಆಯ್ದದ್ದೆಲ್ಲ ಸರಿಯೇ? ತನಗಾಗಿ ಆಯ್ಕೆ ಮಾಡುವವನು ಇಡೀ ಮನುಕುಲಕ್ಕಾಗಿ ಮಾಡುತ್ತಾನೆ ಎಂಬ ಸಾರ್ತ್ರ್ ಉತ್ತರ ಸಾಲದು. ನಾಜಿಗಳ ಜೊತೆ ಕೈಜೋಡಿಸಿದವನೂ ಹಾಗೆಂದು ನಂಬಿರಬಹುದು. ಗಟ್ಟಿ ಉತ್ತರ ಸಾರ್ತ್ರ್ ಅವರ ಸಂಗಾತಿ, ಚಿಂತಕಿ ಸಿಮೋನ್ ದ ಬೋವಾ ಅವರದು. 1947ರ ತಮ್ಮ ನೀತಿಗ್ರಂಥದಲ್ಲಿ ಅವರು ವಾದಿಸಿದಂತೆ, ಇತರರ ಸ್ವಾತಂತ್ರ್ಯವಿಲ್ಲದೆ ಒಬ್ಬರ ಸ್ವಾತಂತ್ರ್ಯಕ್ಕೆ ಅರ್ಥವಿಲ್ಲ. ಆದ್ದರಿಂದ ದಬ್ಬಾಳಿಕೆಯನ್ನು ಆಯ್ಕೆಯ ಹೆಸರಿನಲ್ಲಿ ಸಮರ್ಥಿಸಲಾಗದು.

ಕನ್ನಡಕ್ಕೆ ಅಸ್ತಿತ್ವವಾದದ ಮಾತು ನವ್ಯ ಸಾಹಿತ್ಯದ ಜೊತೆ ಬಂತು. ಶಾಂತಿನಾಥ ದೇಸಾಯಿಯವರ 'ಮುಕ್ತಿ', ಅನಂತಮೂರ್ತಿಯವರ 'ಸಂಸ್ಕಾರ' (1965) ಕಾದಂಬರಿಗಳ ಚರ್ಚೆಯಲ್ಲಿ ಅದು ಬಳಕೆಗೆ ಬಿತ್ತು. ಮುಂದೆ ಒಂಟಿತನದಿಂದ ಬೇಸತ್ತ ನಾಯಕರಿಗೆಲ್ಲ 'ಅಸ್ತಿತ್ವವಾದಿ' ಎಂಬ ಹಣೆಪಟ್ಟಿ ಬಿದ್ದು, ಹೊಣೆಯ ಮಾತು ಹಿಂದೆ ಸರಿದದ್ದು ದೊಡ್ಡ ನಷ್ಟ. 'ಸಂಸ್ಕಾರ'ದ ನಾಯಕ ಪ್ರಾಣೇಶಾಚಾರ್ಯರನ್ನು ಕಾಡುವುದು ಒಂಟಿತನವೊಂದೇ ಅಲ್ಲ. ಅಗ್ರಹಾರದ ಕಟ್ಟಳೆ ಮುರಿದು ಬದುಕಿ ಸತ್ತ ನಾರಣಪ್ಪನ ಶವಸಂಸ್ಕಾರ ಯಾರು ಮಾಡಬೇಕೆಂಬುದಕ್ಕೆ ಧರ್ಮಶಾಸ್ತ್ರದಲ್ಲಿ ಉತ್ತರ ಸಿಗುವುದಿಲ್ಲ, ದೇವರು ಮಾರುತಿಯೂ ಅಪ್ಪಣೆ ಕೊಡುವುದಿಲ್ಲ. ಕಾಡಿನ ಕತ್ತಲಲ್ಲಿ ನಾರಣಪ್ಪನ ಸಂಗಾತಿ ಚಂದ್ರಿಯೊಡನೆ ಎಣಿಸದೆ ನಡೆದದ್ದಕ್ಕೆ ತಾವು ಹೊಣೆಯೇ, ಅದನ್ನು ಅಗ್ರಹಾರದ ಮುಂದೆ ಹೇಳಬೇಕೇ ಎಂಬುದನ್ನು ಅವರೇ ತೀರ್ಮಾನಿಸಬೇಕಾಗುತ್ತದೆ.