ತೊಗಲು ಗೊಂಬೆಯೂ ಟಿ.ವಿ. ಪರದೆಯ ವೀರರೂ

ಬಾದಾಮಿ ಸಮೀಪದ ಬನಶಂಕರಿಯಲ್ಲಿ ಬನದ ಹುಣ್ಣಿಮೆಯ ತೇರು ಎಳೆದ ಮೇಲೂ ಜಾತ್ರೆ ಮುಗಿಯುವುದಿಲ್ಲ. ವೃತ್ತಿ ನಾಟಕ ಕಂಪನಿಗಳ ಆಟ ವಾರಗಟ್ಟಲೆ ನಡೆಯುತ್ತದೆ. ರಾತ್ರಿಯೆಲ್ಲ ನಾಟಕ ನೋಡಿದವರು ಬೆಳಗಿನ ಚಹಾದ ಹೊತ್ತಿಗೆ, ಯಾವ ಕಂಪನಿಯ ಪರದೆ ಚೆಂದ, ಯಾರ ಮಾತಿನಲ್ಲಿ ಕಸುವಿತ್ತು ಎಂದು ತೂಗಿ ನೋಡುತ್ತಾರೆ. ಪರದೆಯ ಅಂದ ಬೇರೆ, ಆಟದ ಕಸುವು ಬೇರೆ ಎಂಬುದು ಈ ಪ್ರೇಕ್ಷಕರಿಗೆ ಚೆನ್ನಾಗಿ ಗೊತ್ತು.

ಟಿ.ವಿ.ಯ ಕಾರ್ಟೂನ್ ವೀರರನ್ನು ತೂಗುವಾಗ ಮಾತ್ರ ಈ ವಿವೇಕ ಮರೆತುಹೋಗುತ್ತದೆ. ಚಿತ್ರ ಎಷ್ಟು ಸರಾಗವಾಗಿ ಓಡುತ್ತದೆ ಎಂಬುದೊಂದೇ ಅಳತೆಗೋಲಾಗುತ್ತದೆ. ಆ ಕೋಲಿನಿಂದ ಅಳೆದರೆ ನಮ್ಮ ತೊಗಲು ಗೊಂಬೆಯಾಟ ಮೊದಲ ಸುತ್ತಿನಲ್ಲೇ ಸೋಲಬೇಕು.

ಹದಮಾಡಿದ ಆಡಿನ ಚರ್ಮವನ್ನು ಬೆಳಕು ಹಾಯುವಷ್ಟು ತೆಳುವಾಗಿಸಿ, ಒಡವೆಯ ಜಾಗದಲ್ಲಿ ಸಣ್ಣ ಸಣ್ಣ ರಂಧ್ರ ಕೊರೆದು, ಬಣ್ಣ ತುಂಬಿದ ಗೊಂಬೆಗಳಿವು. ಎಷ್ಟೋ ಗೊಂಬೆಗಳಿಗೆ ಕೀಲೇ ಇಲ್ಲ. ಇದ್ದರೂ ಕೈಗೊಂದು, ತಲೆಗೊಂದು. ರಾಮ, ಸೀತೆ, ಲಕ್ಷ್ಮಣರು ಒಂದೇ ತೊಗಲಿನಲ್ಲಿ ಸೇರಿರುವುದೂ ಉಂಟು. ಪಾತ್ರದ ಮನಃಸ್ಥಿತಿ ಬದಲಾದರೆ ಆಡಿಸುವವನು ಮುಖ ಬದಲಿಸುವುದಿಲ್ಲ, ಅದೇ ಪಾತ್ರದ ಇನ್ನೊಂದು ಗೊಂಬೆ ತರುತ್ತಾನೆ. ರಾಜ ದೊಡ್ಡವನು, ಆಳು ಚಿಕ್ಕವನು; ಗಾತ್ರವೇ ಅಂತಸ್ತನ್ನು ಹೇಳುತ್ತದೆ. ಉಳಿದದ್ದೆಲ್ಲ ದನಿಯ ಕೆಲಸ. ಯುದ್ಧದ ನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ನಗಿಸಿ ಹೋಗುತ್ತಾರೆ. ಕಡಿಮೆ ಚಲನೆ ಇಲ್ಲಿ ಕೊರತೆಯಲ್ಲ, ಲೆಕ್ಕಾಚಾರ.

ಟಿ.ವಿ.ಯವರಿಗೂ ಇಂಥದೇ ಲೆಕ್ಕಾಚಾರ ಬೇಕಾಯಿತು. ಜಾಹೀರಾತು ಕಳೆದು ಉಳಿಯುವ 22 ನಿಮಿಷಕ್ಕೆ, ಸೆಕೆಂಡಿಗೆ 24ರಂತೆ, 31 ಸಾವಿರಕ್ಕೂ ಮಿಕ್ಕಿ ಚೌಕಟ್ಟುಗಳಾಗುತ್ತವೆ. ವಾರಕ್ಕೊಂದು ಕಂತು ಕೊಡಬೇಕಾದವರು ಅಷ್ಟು ಚಿತ್ರ ಬರೆಯಲಾರರು. 1967ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ಸ್ಪೈಡರ್ ಮ್ಯಾನ್’ನಲ್ಲಿ ಶ್ರಮ ಉಳಿಸಲು ವೀರನ ಮೈಮೇಲಿನ ಜೇಡರಬಲೆಯ ಗೆರೆಗಳನ್ನೇ ಬಹುಪಾಲು ಬಿಟ್ಟುಬಿಟ್ಟರು, ಮುಖವಾಡ, ಕೈಗವಸು, ಬೂಟುಗಳಲ್ಲಿ ಮಾತ್ರ ಉಳಿಸಿಕೊಂಡರು. ಮೊದಲ ನಿರ್ಮಾಣ ಸಂಸ್ಥೆ ದಿವಾಳಿಯಾಗಿ, ರಾಲ್ಫ್ ಬಾಕ್ಷಿ ಹೊಣೆ ಹೊತ್ತ ಮೇಲೆ ಹಳೆಯ ತುಣುಕುಗಳ ಮರುಬಳಕೆ ಮತ್ತೂ ಹೆಚ್ಚಿತು. ಗೆರೆಗಳ ಮಟ್ಟಿಗೆ ಅದು ಬಡ ಸರಣಿಯೇ ಸರಿ. ಆದರೂ ಕೊನೆಕೊನೆಯ ಕಂತುಗಳ ಹಸಿರು-ನೇರಳೆ ಆಕಾಶದ ವಿಚಿತ್ರ ಭಯವನ್ನು ಅನೇಕ ದುಬಾರಿ ಸರಣಿಗಳು ಹುಟ್ಟಿಸಲಾರವು.

1983ರ ‘ಹೀ-ಮ್ಯಾನ್’ ಕಥೆ ಬೇರೆ. ದೂರದರ್ಶನದಲ್ಲಿ ಅದನ್ನು ಕಂಡ ಪೀಳಿಗೆಗೆ ರಾಜಕುಮಾರ ಕತ್ತಿ ಎತ್ತಿ ಮಹಾಬಲನಾಗುವ ದೃಶ್ಯ ಇಂದಿಗೂ ನೆನಪಿದೆ. ನೆನಪಿರದೆ ಏನು? 130 ಕಂತುಗಳಲ್ಲಿ ಮತ್ತೆ ಮತ್ತೆ ಬಂದದ್ದು ಅದೇ ತುಣುಕು. ಆ ಪುನರಾವರ್ತನೆಯನ್ನು ದೂರಬೇಕಿಲ್ಲ. ಗೊಂಬೆಯಾಟದಲ್ಲೂ ಪ್ರತಿ ರಾತ್ರಿ ಮೊದಲು ಬರುವವನು ಗಣಪನೇ. ದೋಷವಿರುವುದು ಕಥೆಯಲ್ಲಿ. ಆಟಿಕೆ ಮೊದಲು ಬಂದು ಸರಣಿ ಆಮೇಲೆ ಬಂದದ್ದರಿಂದ ಹೊಸ ಪಾತ್ರವೆಂದರೆ ಅಂಗಡಿಗೊಂದು ಹೊಸ ಸರಕು ಎಂಬಂತಾಯಿತು.

1992ರ ‘ಬ್ಯಾಟ್‌ಮ್ಯಾನ್’ ಇವೆಲ್ಲಕ್ಕಿಂತ ಮೇಲೆ ನಿಲ್ಲುತ್ತದೆ. ಬ್ರೂಸ್ ಟಿಮ್ ಮತ್ತು ಎರಿಕ್ ರಾಡೊಮ್‌ಸ್ಕಿ ರೂಪಿಸಿದ ಈ ಸರಣಿಯಲ್ಲೂ ಪಾತ್ರಗಳ ಗೆರೆಗಳು ಮಿತ. ಚಿತ್ರಿಸುವ ಕೆಲಸ ಹೊರದೇಶಗಳ ಬೇರೆ ಬೇರೆ ಸ್ಟುಡಿಯೊಗಳಿಗೆ ಹಂಚಿಹೋಗಿದ್ದರಿಂದ ಎಲ್ಲ ಕಂತುಗಳೂ ಒಂದೇ ತೆರನಾಗಿಲ್ಲ. ಆದರೆ ಹಿನ್ನೆಲೆಯನ್ನು ಬಿಳಿ ಕಾಗದದ ಬದಲು ಕಪ್ಪು ಕಾಗದದ ಮೇಲೆ ಬರೆದರು. ಕತ್ತಲು ಮೊದಲೇ ಇತ್ತು, ಬಣ್ಣದಿಂದ ಸೇರಿಸಿದ್ದು ಬೆಳಕನ್ನು. ತೊಗಲು ಗೊಂಬೆಯ ಪರದೆಯ ಮೇಲೆ ನಡೆಯುವುದೂ ಇದೇ ಅಲ್ಲವೆ? ಕಾಯಿಲೆಬಿದ್ದ ಹೆಂಡತಿಯನ್ನು ಹಿಮದಲ್ಲಿ ಉಳಿಸಿಕೊಳ್ಳಲು ಹೋಗಿ ಕ್ರೂರಿಯಾದ ಮಿಸ್ಟರ್ ಫ್ರೀಜ್‌ನ ಕಂತಿನಲ್ಲಿ ಖಳನ ಮುಖ ಹೆಚ್ಚುಕಡಿಮೆ ಅಲುಗುವುದೇ ಇಲ್ಲ. ಸಂಕಟವೆಲ್ಲ ದನಿಯಲ್ಲಿದೆ. ಸಾಹಿತ್ಯಕ್ಕಾಗಿ ಆ ಕಂತಿಗೆ ಎಮ್ಮಿ ಪ್ರಶಸ್ತಿ ಬಂದಿತು.

ದನಿಯ ವಿಷಯದಲ್ಲಿ ಒಂದು ವ್ಯತ್ಯಾಸ ಮಾತ್ರ ಉಳಿಯುತ್ತದೆ. ಬಡ ಸರಣಿಯೆನಿಸಿದ ‘ಸ್ಪೈಡರ್ ಮ್ಯಾನ್’ ಧ್ವನಿಸಹಿತ ಉಳಿದುಕೊಂಡಿದೆ. ಗೊಂಬೆಗಳೂ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಸಂಗ್ರಹದಲ್ಲಿವೆ, ಆದರೆ ಮೌನವಾಗಿ. ಅವುಗಳ ಮಾತು ಶಿಳ್ಳೇಕ್ಯಾತ ಕುಟುಂಬಗಳ ಬಾಯಲ್ಲಿತ್ತು. 2025ರಲ್ಲಿ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಘೋಷಣೆಯಾದಾಗ ಅವರ ವಯಸ್ಸು ತೊಂಬತ್ತನ್ನು ದಾಟಿತ್ತು.